ವಿದ್ಯಾಲಯದ ಹೊಸ್ತಿಲು ದಾಟಿಸಿದ ಮಹಾನುಭಾವ ಡಾ. ಬಾಬಾಸಾಹೇಬ್ ಅಂಬೇಡ್ಕರ್

ಬೇಲಾಪುರದಿಂದ ಹಾರ್ಬರ್ ಮಾರ್ಗದ ಲೋಕಲ್ ರೈಲು ಹಿಡಿದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದು, ದಾದಾಭಾಯಿ ನವರೋಜಿ ರಸ್ತೆಯತ್ತ ನಡೆದರೆ ಫೋರ್ಟ್ ಪರಿಸರದಲ್ಲಿ ಸಿದ್ಧಾರ್ಥ ಕಾಲೇಜು ಎದುರಾಗುತ್ತದೆ. ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರಿಗೆ ಈ ಹೆಸರು ಚಿರಪರಿಚಿತ. ಊರಿನಿಂದ ಎಳವೆಯಲ್ಲೇ ಬಂದು, ಹಗಲು ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ಅನೇಕ ಹಿರಿಯರು ಮುಂಜಾನೆಯ ತರಗತಿಗಳಲ್ಲಿ ಕುಳಿತು ಪದವೀಧರರಾದುದು ಇಂತಹ ಕಾಲೇಜುಗಳಲ್ಲಿಯೇ. ದುಡಿಯುವ ವಿದ್ಯಾರ್ಥಿಯ ದಿನಚರಿಗೆ ಕಾಲೇಜು ಹೊಂದಿಕೊಳ್ಳಬೇಕೆಂಬ ಆ ಏರ್ಪಾಡಿನ ಹಿಂದೆ ಓರ್ವ ಮಹಾನುಭಾವರ ಸ್ವಂತ ಅನುಭವವಿತ್ತು. ಅವರೇ ಡಾ. ಭೀಮರಾವ್ ರಾಮ್‌ಜಿ ಅಂಬೇಡ್ಕರ್.

ಸಂವಿಧಾನ ಶಿಲ್ಪಿಯೆಂದು ಅವರನ್ನು ಅರಿಯದವರಿಲ್ಲ. ವಿದ್ಯಾರ್ಥಿಯಾಗಿ, ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಕಾಲೇಜುಗಳ ಸ್ಥಾಪಕರಾಗಿ ಅವರು ಉನ್ನತ ಶಿಕ್ಷಣಕ್ಕೆ ನೀಡಿದ ಕೊಡುಗೆಯ ಬಗ್ಗೆ ಮಾತ್ರ ನಮ್ಮ ಸಭೆ ಸಮಾರಂಭಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ. ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ನೀತಿಯನ್ನು ವಿಶ್ವವಿದ್ಯಾನಿಲಯಗಳು ಆಚರಣೆಗೆ ತರಬೇಕೆಂಬ ಚರ್ಚೆ ಇಂದು ಎಲ್ಲೆಡೆ ನಡೆಯುತ್ತಿರುವಾಗ, ಅವರ ಬದುಕಿನ ಈ ಮುಖವನ್ನು ನಮ್ಮ ಓದುಗರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈ ಕಥೆಯ ಆರಂಭ ನಮ್ಮ ಧಾರವಾಡದಲ್ಲಿದೆ. ಅಂಬೇಡ್ಕರ್ ಅವರು ಹುಟ್ಟುವುದಕ್ಕೆ 35 ವರ್ಷಗಳ ಮೊದಲು, 1856ರ ಜೂನ್ ತಿಂಗಳಿನಲ್ಲಿ, ಮಹಾರ್ ಸಮುದಾಯದ ಬಾಲಕನೊಬ್ಬ ಧಾರವಾಡದ ಸರಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಮುಂಬಯಿ ಸರಕಾರಕ್ಕೆ ಮನವಿ ಸಲ್ಲಿಸಿದನು. ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಟ್ಟಾರೆಂಬ ಭಯದಿಂದ ಮುಂಬಯಿ ಸರಕಾರ ಮಧ್ಯೆ ಪ್ರವೇಶಿಸಲು ಹಿಂಜರಿಯಿತು. ವಿಷಯ ಕಲ್ಕತ್ತೆಗೆ ಹೋಯಿತು, ಅಲ್ಲಿಂದ ಲಂಡನ್ನಿಗೂ ಹೋಯಿತು. ಕೊನೆಗೆ 1858ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕ ಮಂಡಳಿಯು ಸರಕಾರದ ಹಣದಿಂದ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಕಾಗದದ ಮೇಲೆ ನ್ಯಾಯ ದೊರೆಯಿತು. ಇತ್ತ 1857ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವೂ ಸ್ಥಾಪನೆಗೊಂಡು, ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳ ವಿದ್ಯಾರ್ಥಿಗಳೂ ಮುಂದೆ ಕರ್ನಾಟಕ ವಿಶ್ವವಿದ್ಯಾನಿಲಯ ಬರುವವರೆಗೆ ಅದರ ವ್ಯಾಪ್ತಿಗೇ ಸೇರಿದ್ದರು.

ಕಾಗದದ ನ್ಯಾಯ ಎಷ್ಟರಮಟ್ಟಿಗೆ ಶಾಲೆಯ ಕೋಣೆಯನ್ನು ತಲುಪಿತ್ತೆಂಬುದಕ್ಕೆ ಸಾತಾರದ ಬಾಲಕ ಭೀಮನ ಅನುಭವವೇ ಸಾಕ್ಷಿ. 1891ರ ಏಪ್ರಿಲ್ 14ರಂದು ಮಧ್ಯಭಾರತದ ಮಹೂ ದಂಡುಪ್ರದೇಶದಲ್ಲಿ ಭೀಮರಾವ್ ಜನಿಸಿದರು. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು. ಸೈನ್ಯದ ಶಾಲೆಯಲ್ಲಿ ಶಿಕ್ಷಕರಾಗಿದ್ದವರು. ತಾಯಿ ಭೀಮಾಬಾಯಿ. ಮೂಲ ಊರು ರತ್ನಾಗಿರಿ ಜಿಲ್ಲೆಯ ಮಂಡಣಗಢ ತಾಲೂಕಿನ ಅಂಬಡವೆ. ತಂದೆ ನಿವೃತ್ತರಾದ ಬಳಿಕ ಕುಟುಂಬ ಸಾತಾರದಲ್ಲಿ ನೆಲೆಸಿತು. 1900ರ ನವೆಂಬರ್‌ನಲ್ಲಿ ಭೀಮರಾವ್ ಅಲ್ಲಿನ ಸರಕಾರಿ ಹೈಸ್ಕೂಲಿಗೆ ಸೇರಿದರು. ಲಂಡನ್ನಿನ ಆಜ್ಞೆ ಹೊರಟು 42 ವರ್ಷಗಳಾಗಿದ್ದವು. ಆದರೂ ಮನೆಯಿಂದ ತಂದ ಗೋಣಿತಾಟನ್ನು ಹಾಸಿಕೊಂಡು ಬೇರೆಯಾಗಿ ಕೂರಬೇಕಾಗಿತ್ತು. ಬಾಯಾರಿದರೆ ನಲ್ಲಿಯನ್ನು ತಾನಾಗಿ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನ ಬಂದು ನೀರು ಬಿಟ್ಟರುಂಟು. ಅವನಿಲ್ಲದ ದಿನ ನೀರೂ ಇಲ್ಲ.

ಮುಂದೆ ಕುಟುಂಬ ಮುಂಬಯಿಗೆ ಬಂದು ಪರೇಲ್ ಪರಿಸರದ ಚಾಳಿನಲ್ಲಿ ವಾಸಿಸತೊಡಗಿತು. ಒಂದೇ ಕೋಣೆಯಲ್ಲಿ ಅಡುಗೆ, ನಿದ್ರೆ, ಓದು ಎಲ್ಲವೂ ಆಗಬೇಕು. ಮನೆಮಂದಿ ಮಲಗಿದ ಮೇಲೆ, ನಸುಕಿನಲ್ಲಿ, ದೀಪದ ಬೆಳಕಿನಲ್ಲಿ ಅವರ ಅಭ್ಯಾಸ ಸಾಗುತ್ತಿತ್ತು. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಒಮ್ಮೆ ಶಿಕ್ಷಕರು ಅವರನ್ನು ಕರಿಹಲಗೆಯ ಬಳಿಗೆ ಕರೆದಾಗ, ಹಲಗೆಯ ಹಿಂದಿಟ್ಟಿದ್ದ ಬುತ್ತಿಗಳನ್ನು ಸಹಪಾಠಿಗಳು ಓಡಿಬಂದು ತೆಗೆದುಕೊಂಡರೆಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಸಂಸ್ಕೃತ ಕಲಿಯಬೇಕೆಂಬ ಅವರ ಆಸೆಗೂ ಶಾಲೆ ಆಸ್ಪದ ನೀಡಲಿಲ್ಲ. ಪಾರಸಿ ಭಾಷೆಯನ್ನು ಆರಿಸಿಕೊಳ್ಳಬೇಕಾಯಿತು. ಇಷ್ಟಾದರೂ 1907ರಲ್ಲಿ ಮೆಟ್ರಿಕ್ ತೇರ್ಗಡೆಯಾದರು. ಅವರ ಸಮಾಜದಲ್ಲಿ ಅದೊಂದು ಹಬ್ಬವೇ ಆಗಿತ್ತು. ಆ ಸಂದರ್ಭದ ಸನ್ಮಾನ ಸಭೆಯಲ್ಲಿ ಮರಾಠಿ ಲೇಖಕ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅವರು ತಾವು ಬರೆದ ಬುದ್ಧನ ಚರಿತ್ರೆಯ ಪ್ರತಿಯನ್ನು ಉಡುಗೊರೆಯಾಗಿತ್ತರು.

ಕೇಳುಸ್ಕರ್ ಅವರ ಪ್ರಯತ್ನದಿಂದಲೇ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವು ದೊರೆಯಿತು. ತಿಂಗಳಿಗೆ 25 ರೂಪಾಯಿಗಳ ವಿದ್ಯಾರ್ಥಿವೇತನದಿಂದ ಎಲ್ಫಿನ್‌ಸ್ಟನ್ ಕಾಲೇಜಿನ ಶಿಕ್ಷಣ ಸಾಧ್ಯವಾಯಿತು. ಪ್ರಾಧ್ಯಾಪಕ ಮುಲ್ಲರ್ ಅವರು ಪುಸ್ತಕಗಳನ್ನೂ ಉಡುಪುಗಳನ್ನೂ ಕೊಟ್ಟು ಸಹಾಯ ಮಾಡಿದರು. ಆದರೆ ಕಾಲೇಜಿನ ಉಪಾಹಾರ ಗೃಹದಾತನು ಅವರಿಗೆ ಚಹಾವನ್ನಾಗಲೀ ನೀರನ್ನಾಗಲೀ ಕೊಡುತ್ತಿರಲಿಲ್ಲ. ಹೋಟೆಲು ಉದ್ಯಮದಿಂದಲೇ ಈ ಮಹಾನಗರದಲ್ಲಿ ಬೇರೂರಿದ ನಾವು ಈ ವಾಕ್ಯವನ್ನು ಹಾಗೆಯೇ ಓದಿ ದಾಟಿಬಿಡಲಾಗದು. ಒಂದು ಲೋಟ ನೀರಿನ ಬೆಲೆಯನ್ನು ಹಸಿವು ಬಾಯಾರಿಕೆಗಳಲ್ಲಿ ಬೆಳೆದ ನಮ್ಮ ಹಿರಿಯರು ಬಲ್ಲವರಾಗಿದ್ದರು. ಪ್ರವೇಶ ಪತ್ರ ಕೈಯಲ್ಲಿದ್ದೂ ಕಾಲೇಜಿನ ಆವರಣದಲ್ಲಿ ನೀರು ಸಿಗದ ವಿದ್ಯಾರ್ಥಿಯು ನಿಜವಾಗಿ ಒಳಗೆ ಬಂದಿರುವನೇ ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ.

ಬಿ.ಎ. ಪದವಿ ಪಡೆದ ಬೆನ್ನಿಗೆ, 1913ರ ಫೆಬ್ರವರಿಯಲ್ಲಿ, ತಂದೆ ತೀರಿಕೊಂಡರು. ಅದೇ ವರ್ಷ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಭೀಮರಾವ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅಲ್ಲಿ ಎಲ್ಲರೊಡನೆ ಒಂದೇ ಮೇಜಿನಲ್ಲಿ ಕುಳಿತು ಉಂಡರು, ಗ್ರಂಥಾಲಯದಲ್ಲಿ ಬೇಕಾದಷ್ಟು ಹೊತ್ತು ಓದಿದರು. 1915ರಲ್ಲಿ ಎಂ.ಎ. ಪದವಿ ದೊರೆಯಿತು. 1916ರಲ್ಲಿ ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರಾದರೂ ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ 1917ರಲ್ಲಿ ಮರಳಬೇಕಾಯಿತು. ನಾಲ್ಕು ವರ್ಷಗಳೊಳಗೆ ಬಂದು ಅಧ್ಯಯನ ಮುಂದುವರಿಸಬಹುದೆಂದು ಲಂಡನ್ ವಿಶ್ವವಿದ್ಯಾನಿಲಯ ಅನುಮತಿಯಿತ್ತಿತು. ಹಣದ ಅಡಚಣೆಯಿಂದ ಓದು ನಿಂತ ವಿದ್ಯಾರ್ಥಿಗೆ ಮರಳಿ ಬರುವ ದಾರಿಯನ್ನು ಮುಚ್ಚದಿರುವುದು ಚಿಕ್ಕ ಕ್ರಮವೆಂದು ತೋರಬಹುದು. ಆ ಅನುಮತಿ ಇಲ್ಲದಿದ್ದರೆ ಭಾರತಕ್ಕೆ ಓರ್ವ ಶ್ರೇಷ್ಠ ಅರ್ಥಶಾಸ್ತ್ರಜ್ಞ ದೊರೆಯುತ್ತಿದ್ದರೋ ಇಲ್ಲವೋ ಹೇಳುವವರಾರು!

ಊರಿಗೆ ಮರಳಿದ ವಿದ್ವಾಂಸರಿಗೆ ಬರೋಡಾದಲ್ಲಿ ಇರಲು ಮನೆ ಸಿಗಲಿಲ್ಲ. ತಂಗಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರದೂಡಲ್ಪಟ್ಟು ಮುಂಬಯಿಗೆ ಹಿಂತಿರುಗಿದರು. 1918ರ ನವೆಂಬರ್‌ನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅವರ ಪಾಠ ಕೇಳಲು ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಬರುತ್ತಿದ್ದರು. ಅತ್ತ ಅಧ್ಯಾಪಕರ ಕೊಠಡಿಯಲ್ಲಿ, ಸಾಮಾನ್ಯ ಬಳಕೆಯ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪವೆತ್ತಿದರು. ಸಾತಾರದ ನಲ್ಲಿ, ಎಲ್ಫಿನ್‌ಸ್ಟನ್ನಿನ ಉಪಾಹಾರ ಗೃಹ, ಸಿಡೆನ್‌ಹ್ಯಾಮಿನ ನೀರಿನ ಪಾತ್ರೆ. ವಿದ್ಯೆ ಬೆಳೆದರೂ, ಪದವಿ ಏರಿದರೂ ಅವಮಾನದ ರೂಪ ಬದಲಾಗಲಿಲ್ಲ. 1920ರಲ್ಲಿ, ಉಳಿತಾಯದ ಹಣಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಸೇರಿ, ಅವರು ಪುನಃ ಲಂಡನ್ನಿಗೆ ತೆರಳಿ ಅರ್ಥಶಾಸ್ತ್ರದಲ್ಲಿ 1921ರಲ್ಲಿ ಎಂ.ಎಸ್‌ಸಿ., 1923ರಲ್ಲಿ ಡಿ.ಎಸ್‌ಸಿ. ಪದವಿಗಳನ್ನು ಪಡೆದು, ಬ್ಯಾರಿಸ್ಟರರೂ ಆಗಿ ಹಿಂತಿರುಗಿದರು.

ಇದೇ ಕಾಲಕ್ಕೆ ಕನ್ನಡ ನಾಡಿನಲ್ಲಿಯೂ ಬದಲಾವಣೆಯ ಗಾಳಿ ಬೀಸುತ್ತಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 19ನೆಯ ಶತಮಾನದ ಕೊನೆಯ ದಶಕದಲ್ಲಿಯೇ ದಲಿತ ಮಕ್ಕಳಿಗಾಗಿ ಶಾಲೆ ತೆರೆದು, ಸ್ವಜನರ ಬಹಿಷ್ಕಾರವನ್ನೂ ಸಹಿಸಿದ್ದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿಸಿದರು. 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಹಿಂದುಳಿದ ವರ್ಗಗಳಿಗೆ ಸರಕಾರಿ ಸೇವೆಯಲ್ಲಿ ಪಾಲು ದೊರಕಿಸಲು ಮುಂದಾದರು. ಕಲಿತವನಿಗೆ ಕಲಿಕೆಗೆ ತಕ್ಕ ಸ್ಥಾನ ದೊರೆಯದಿದ್ದರೆ ಹಿಂದಿನವರು ಶಾಲೆಯತ್ತ ನೋಡಲಾರರೆಂಬ ತಿಳಿವಳಿಕೆ ಆ ಕ್ರಮದ ಹಿಂದಿತ್ತು.

ಮುಂಬಯಿಯಲ್ಲಿ ಅಂಬೇಡ್ಕರ್ ಅವರು 1924ರ ಜುಲೈನಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯನ್ನು ಆರಂಭಿಸಿದರು. ಸಭೆಯ ಮೊದಲ ಕೆಲಸಗಳಲ್ಲೊಂದು 1925ರಲ್ಲಿ ಸೊಲ್ಲಾಪುರದಲ್ಲಿ ತೆರೆದ ವಿದ್ಯಾರ್ಥಿನಿಲಯ. ಕನ್ನಡ, ಮರಾಠಿ, ತೆಲುಗುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಆ ಊರನ್ನು ನಮ್ಮ ಓದುಗರು ಬಲ್ಲರು. ಶಾಲೆಗೆ ಸೇರಿಸಿಕೊಳ್ಳುತ್ತೇವೆಂದು ಸರಕಾರ ಹೇಳಿದರೂ ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಯಾರೂ ಮನೆ ಕೊಡುವುದಿಲ್ಲ, ಅನ್ನ ಹಾಕುವುದಿಲ್ಲ ಎಂಬುದನ್ನು ಬರೋಡಾದಲ್ಲಿ ಸ್ವತಃ ಉಂಡು ಅರಿತವರು ಅವರು. ಆದುದರಿಂದ ಶಿಕ್ಷಣದ ಪ್ರಶ್ನೆಯನ್ನು ಊಟ ವಸತಿಗಳಿಂದಲೇ ಆರಂಭಿಸಿದರು.

1927ರಲ್ಲಿ ಅವರು ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದರು. ಶಿಕ್ಷಣದ ಅನುದಾನದ ಚರ್ಚೆಯಲ್ಲಿ, ಪ್ರಾಥಮಿಕ ಶಾಲೆಗೆ ಸೇರುವ 100 ಮಕ್ಕಳಲ್ಲಿ 18 ಮಂದಿ ಮಾತ್ರ ನಾಲ್ಕನೆಯ ತರಗತಿಯನ್ನು ತಲುಪುವರೆಂಬುದನ್ನು ಸಭೆಯ ಗಮನಕ್ಕೆ ತಂದರು. ಅದೇ ವರ್ಷ ಮುಂಬಯಿ ವಿಶ್ವವಿದ್ಯಾನಿಲಯದ ಕಾಯಿದೆಯ ತಿದ್ದುಪಡಿ ಚರ್ಚೆಗೆ ಬಂದಾಗ, ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯವಿರಬೇಕೆಂದು ವಾದಿಸಿದರು. ಪಾಠಪಟ್ಟಿ, ಶುಲ್ಕ, ಪರೀಕ್ಷೆಗಳನ್ನು ನಿರ್ಧರಿಸುವ ಮಂಡಳಿಯಲ್ಲಿ ಬಡವನ ಕಷ್ಟ ಬಲ್ಲವನೊಬ್ಬನೂ ಇಲ್ಲದಿದ್ದರೆ ಬಡ ವಿದ್ಯಾರ್ಥಿಗೆ ನೀಡಿದ ಪ್ರವೇಶ ಫಲ ಕೊಡಲಾರದೆಂಬುದು ಅವರ ವಾದದ ತಿರುಳು. ಸುಮಾರು ನೂರು ವರ್ಷಗಳ ಹಿಂದಿನ ಈ ಮಾತು ಇಂದಿಗೂ ಹಳತಾಗಿಲ್ಲ.

ಆಜ್ಞೆಗೂ ಆಚರಣೆಗೂ ಇರುವ ಅಂತರವನ್ನು ಅವರು ಲೋಕಕ್ಕೆ ತೋರಿಸಿದುದು ಮಹಾಡಿನಲ್ಲಿ. ಸಾರ್ವಜನಿಕ ಕೆರೆ ಬಾವಿ, ಧರ್ಮಶಾಲೆ, ಶಾಲೆಗಳು ಎಲ್ಲರಿಗೂ ತೆರೆದಿರಬೇಕೆಂದು 1923ರಲ್ಲಿ ಮುಂಬಯಿ ವಿಧಾನ ಪರಿಷತ್ತು ಠರಾವು ಮಾಡಿತ್ತು. ನಾಲ್ಕು ವರ್ಷ ಕಳೆದರೂ ಮಹಾಡಿನ ಚವದಾರ್ ಕೆರೆಯ ನೀರನ್ನು ದಲಿತರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಸಾವಿರಾರು ಜನರೊಡನೆ ನಡೆದು ಹೋಗಿ ಅವರು ಆ ಕೆರೆಯ ನೀರನ್ನು ಕುಡಿದರು. ಬೇಲಾಪುರದ ಕನ್ನಡಿಗರು ಪನ್ವೇಲ್ ದಾಟಿ ಮುಂಬಯಿ-ಗೋವಾ ಹೆದ್ದಾರಿಯಲ್ಲಿ ಊರಿಗೆ ಹೋಗುವಾಗ ದಾರಿಯಲ್ಲಿ ಸಿಗುವ ಮಹಾಡ್ ಇದೇ. ಎಷ್ಟೋ ಬಾರಿ ಚಹಾಕ್ಕೆಂದು ಅಲ್ಲಿ ಇಳಿದಿರುತ್ತೇವೆ. ಮುಂದಿನ ಸಲ ಮಕ್ಕಳನ್ನು ಆ ಕೆರೆಯ ದಡಕ್ಕೂ ಕರೆದೊಯ್ಯಬಹುದು.

1928ರಲ್ಲಿ ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಅಂಬೇಡ್ಕರ್ ಅವರು ಮುಂಬಯಿ ಪ್ರಾಂತದ ಶೋಷಿತ ವರ್ಗಗಳ ಶಿಕ್ಷಣ ಸ್ಥಿತಿಯನ್ನು ಕುರಿತ ವಿಸ್ತಾರವಾದ ಹೇಳಿಕೆಯನ್ನು ಸಲ್ಲಿಸಿದರು. ಧಾರವಾಡದ ಆ ಬಾಲಕನ ಅರ್ಜಿಯ ಇತಿಹಾಸವನ್ನು ಕಡತಗಳಿಂದ ಎತ್ತಿ ಅದರಲ್ಲಿ ದಾಖಲಿಸಿದರು. ಎಪ್ಪತ್ತು ವರ್ಷಗಳ ಹಿಂದೆ ಶಾಲೆಯ ಹೊರಗೆ ನಿಂತ ಅನಾಮಿಕ ಬಾಲಕನಿಗೆ ಹೀಗೆ ಓರ್ವ ವಕೀಲರು ದೊರೆತರು. ಅದೇ ವರ್ಷ ಶಿಕ್ಷಣ ಸಂಸ್ಥೆಯೊಂದನ್ನು ಕಟ್ಟಿ, ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ಪ್ರಾಂತದ ಕೆಲವೆಡೆ ವಿದ್ಯಾರ್ಥಿನಿಲಯಗಳನ್ನು ನಡೆಸತೊಡಗಿದರು. ಅವುಗಳಲ್ಲಿ ಧಾರವಾಡದ ವಿದ್ಯಾರ್ಥಿನಿಲಯವೂ ಒಂದು. ಅರ್ಜಿ ತಿರಸ್ಕೃತವಾದ ಊರಿನಲ್ಲಿಯೇ ಅಂತಹ ಮಕ್ಕಳಿಗೆ ಸೂರು ದೊರೆತುದು ಕಾಲದ ನ್ಯಾಯವೆನ್ನಬೇಕು.

ಧಾರವಾಡದ ಆ ನಿಲಯವನ್ನು ನೋಡಿಕೊಳ್ಳುತ್ತಿದ್ದವರು ಅಂಬೇಡ್ಕರ್ ಅವರ ಆಪ್ತರಾದ ಬಲವಂತರಾವ್ ವರಾಳೆಯವರು. ಅಂಬೇಡ್ಕರ್ ಅವರ ಪತ್ನಿ ರಮಾಬಾಯಿಯವರು ಕೆಲಕಾಲ ಅಲ್ಲಿ ವರಾಳೆ ಕುಟುಂಬದೊಡನೆ ತಂಗಿದ್ದರು. ಅನುದಾನ ಬರುವುದು ತಡವಾಗಿ ಮಕ್ಕಳ ಊಟಕ್ಕೆ ತೊಂದರೆಯಾದಾಗ ಆ ತಾಯಿ ತಮ್ಮ ಕೈಬಳೆಗಳನ್ನೇ ಬಿಚ್ಚಿಕೊಟ್ಟು ದಿನಸಿ ತರಿಸಿದರೆಂದು ಹೇಳಲಾಗುತ್ತದೆ. ಸರಕಾರದ ಮಂಜೂರಾತಿ ಪತ್ರಕ್ಕೂ ಮಗುವಿನ ತಟ್ಟೆಯ ಅನ್ನಕ್ಕೂ ನಡುವೆ ಇರುವ ದಿನಗಳನ್ನು ಯಾರಾದರೊಬ್ಬರು ತುಂಬಲೇಬೇಕಾಗುತ್ತದೆ. ತಮ್ಮ ಹೆತ್ತ ಮಕ್ಕಳನ್ನೇ ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡಿದ್ದ ರಮಾಬಾಯಿ 1935ರಲ್ಲಿ ತೀರಿಕೊಂಡರು.

1935ರಿಂದ 1938ರವರೆಗೆ ಅಂಬೇಡ್ಕರ್ ಅವರು ಮುಂಬಯಿಯ ಸರಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾಗಿದ್ದರು. 1942ರಲ್ಲಿ ವೈಸ್‌ರಾಯ್ ಅವರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಹೊಣೆ ಹೊತ್ತರು. ಅಧಿಕಾರ ದೊರೆತೊಡನೆ ಅವರು ಮುಂದಿಟ್ಟ ಬೇಡಿಕೆಗಳಲ್ಲಿ ಉನ್ನತ ಶಿಕ್ಷಣಕ್ಕೆ ನೆರವು ಪ್ರಮುಖವಾಗಿತ್ತು. ಅವರ ಒತ್ತಾಯದ ಫಲವಾಗಿ ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗಾಗಿ ವರ್ಷಕ್ಕೆ 3 ಲಕ್ಷ ರೂಪಾಯಿಗಳ ವಿದ್ಯಾರ್ಥಿವೇತನ ಯೋಜನೆ 1944ರಲ್ಲಿ ಜಾರಿಗೆ ಬಂದಿತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೆಂದು ಇಂದು ದೇಶದಾದ್ಯಂತ ಲಕ್ಷಾಂತರ ವಿದ್ಯಾರ್ಥಿಗಳು ಪಡೆಯುತ್ತಿರುವ ನೆರವಿನ ಬೇರು ಇಲ್ಲಿದೆ. ಬರೋಡಾದ 25 ರೂಪಾಯಿಗಳಿಂದ ಓದಿದ ವಿದ್ಯಾರ್ಥಿ ಆ ಋಣವನ್ನು ತೀರಿಸಿದ ಪರಿ ಇದು.

ಸರಕಾರದ ಯೋಜನೆಗಳಿಗಷ್ಟೇ ಕಾದು ಕೂರುವುದು ಅವರ ಜಾಯಮಾನವಾಗಿರಲಿಲ್ಲ. 1945ರ ಜುಲೈ 8ರಂದು ಪೀಪಲ್ಸ್ ಎಜುಕೇಶನ್ ಸೊಸೈಟಿಯನ್ನು ಸ್ಥಾಪಿಸಿ, 1946ರ ಜೂನ್ 20ರಂದು ಸಿದ್ಧಾರ್ಥ ಕಾಲೇಜನ್ನು ಪ್ರಾರಂಭಿಸಿದರು. ಮೊದಲು ಅದು ನಡೆದುದು ಮರೀನ್ ಲೈನ್ಸ್ ಬಳಿಯ ಸೈನಿಕ ಬ್ಯಾರಕ್ಕುಗಳಲ್ಲಿ. ಕಚೇರಿ ಗಿರಣಿಗಳಲ್ಲಿ ದುಡಿಯುವವರು ಓದಲು ಸಾಧ್ಯವಾಗುವಂತೆ ತರಗತಿಗಳನ್ನು ಮುಂಜಾನೆಗೆ ಇರಿಸಲಾಯಿತು. ಜಾತಿ ಮತಗಳ ಭೇದವಿಲ್ಲದೆ ಎಲ್ಲರಿಗೂ ಪ್ರವೇಶವಿತ್ತು; ಅಧ್ಯಾಪಕ ವರ್ಗದಲ್ಲಿಯೂ ಎಲ್ಲ ಸಮುದಾಯದವರಿದ್ದರು. ಗ್ರಂಥಾಲಯ ಸಮೃದ್ಧವಾಗಿರಬೇಕೆಂಬುದು ಅವರ ಹಟ. ವಿದ್ಯಾರ್ಥಿಗಳು ಎದ್ದುನಿಂತು ಮಾತನಾಡಲು ಕಲಿಯಲೆಂದು ಕಾಲೇಜಿನಲ್ಲಿ ವಿದ್ಯಾರ್ಥಿ ಸಂಸತ್ತು ನಡೆಯುತ್ತಿತ್ತು. 1953ರಲ್ಲಿ ವಾಣಿಜ್ಯ ಕಾಲೇಜು, 1956ರಲ್ಲಿ ಕಾನೂನು ಕಾಲೇಜು ಇದಕ್ಕೆ ಸೇರಿದವು.

ನಮ್ಮವರ ಕಥೆ ಈ ಕಥೆಯೊಂದಿಗೆ ಬೆರೆಯುವುದು ಇಲ್ಲಿಯೇ. ಕಳೆದ ಶತಮಾನದ ಆದಿಭಾಗದಿಂದಲೂ ಮುಂಬಯಿಯ ಕನ್ನಡ ಸಂಸ್ಥೆಗಳು ದುಡಿಯುವ ಹುಡುಗರಿಗಾಗಿ ಉಚಿತ ರಾತ್ರಿ ಶಾಲೆಗಳನ್ನು ನಡೆಸಿಕೊಂಡು ಬಂದವು. ಅಲ್ಲಿ ಹತ್ತನೆಯ ತರಗತಿ ಮುಗಿಸಿದವನಿಗೆ ಮುಂದೇನೆಂಬ ಪ್ರಶ್ನೆ ಎದುರಾದಾಗ, ಕೆಲಸ ಬಿಡದೆ ಓದಬಹುದಾದ ಕಾಲೇಜು ಬೇಕಾಗಿತ್ತು. ಬೆಳಗ್ಗೆ ತರಗತಿ ಮುಗಿಸಿ, ಹತ್ತು ಗಂಟೆಗೆ ಕಚೇರಿ ಸೇರಿ, ಸಂಜೆ ಮತ್ತೊಂದೆಡೆ ಲೆಕ್ಕ ಬರೆದು ಪದವಿ ಪಡೆದವರು ನಮ್ಮ ನಡುವೆ ಅನೇಕರಿದ್ದಾರೆ. ಬ್ಯಾಂಕುಗಳಲ್ಲಿ ಅಧಿಕಾರಿಗಳಾದವರು, ವಕೀಲರಾದವರು, ಅಧ್ಯಾಪಕರಾದವರು ಅವರಲ್ಲಿದ್ದಾರೆ. ಸಮಾಜದ ತೀರ ಕೆಳಗಿನ ಮೆಟ್ಟಿಲಲ್ಲಿದ್ದವರನ್ನು ಕಣ್ಣಮುಂದಿರಿಸಿಕೊಂಡು ಮಾಡಿದ ಏರ್ಪಾಡು ಅದಕ್ಕಿಂತ ಮೇಲಿದ್ದವರಿಗೂ ಏಣಿಯಾಯಿತು. ಈ ಉಪಕಾರವನ್ನು ನಾವು ಎಷ್ಟು ಮಂದಿ ನಮ್ಮ ಮಕ್ಕಳಿಗೆ ಹೇಳಿದ್ದೇವೆ?

1950ರಲ್ಲಿ ಅಂಬೇಡ್ಕರ್ ಅವರು ಔರಂಗಾಬಾದಿನಲ್ಲಿ ಮತ್ತೊಂದು ಕಾಲೇಜನ್ನು ಆರಂಭಿಸಿದರು. ಮಿಲಿಂದ ಮಹಾವಿದ್ಯಾಲಯವೆಂದು ಅದು ಪ್ರಸಿದ್ಧವಾಯಿತು. ಮರಾಠವಾಡವು ಆಗ ಬೀದರ್, ಗುಲ್ಬರ್ಗ, ರಾಯಚೂರುಗಳಂತೆಯೇ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಉನ್ನತ ಶಿಕ್ಷಣದ ಅವಕಾಶಗಳು ತೀರ ವಿರಳವಾಗಿದ್ದ ಪ್ರದೇಶವದು. ನಗರದ ಸೌಕರ್ಯಗಳಿರುವಲ್ಲಿ ಕಾಲೇಜು ಕಟ್ಟುವುದು ಸುಲಭ. ಅವರು ಆರಿಸಿಕೊಂಡುದು ಕಾಲೇಜೇ ಇಲ್ಲದಂತಿದ್ದ ನಾಡನ್ನು. ಅಲ್ಲಿಯೂ ವಿದ್ಯಾರ್ಥಿನಿಲಯಗಳಿಗೆ ಆದ್ಯತೆಯಿತ್ತರು, ಕಟ್ಟಡದ ನಕ್ಷೆಯಿಂದ ಹಿಡಿದು ಗಿಡ ನೆಡುವವರೆಗೆ ಸ್ವತಃ ಗಮನ ಹರಿಸಿದರು.

ಅಷ್ಟರಲ್ಲಿ ಸ್ವತಂತ್ರ ಭಾರತದ ಸಂವಿಧಾನ ಜಾರಿಗೆ ಬಂದಿತ್ತು. ಕರಡು ಸಮಿತಿಯ ಅಧ್ಯಕ್ಷರಾಗಿ ಅವರು ಮಾಡಿದ ಸೇವೆಯನ್ನು ವಿವರಿಸಬೇಕಾಗಿಲ್ಲ. ನಮ್ಮ ದಕ್ಷಿಣ ಕನ್ನಡವೂ ಸೇರಿದ್ದ ಅಂದಿನ ಮದರಾಸು ರಾಜ್ಯದಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳ ಸೀಟುಗಳನ್ನು ಸಮುದಾಯಗಳಿಗೆ ಹಂಚುವ ಸರಕಾರಿ ಆಜ್ಞೆಯಿತ್ತು. ಅದು ಸಂವಿಧಾನಕ್ಕೆ ವಿರುದ್ಧವೆಂದು ಚಂಪಕಂ ದೊರೈರಾಜನ್ ಪ್ರಕರಣದಲ್ಲಿ 1951ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯಾಗಿ 15(4)ನೆಯ ವಿಧಿ ಸೇರಿತು. ಸಾಮಾಜಿಕವಾಗಿ ಹಾಗೂ ಶೈಕ್ಷಣಿಕವಾಗಿ ಹಿಂದುಳಿದ ವರ್ಗಗಳಿಗೆ, ಪರಿಶಿಷ್ಟ ಜಾತಿ ಪಂಗಡಗಳಿಗೆ ವಿಶೇಷ ಏರ್ಪಾಡು ಮಾಡಲು ಸರಕಾರಗಳಿಗೆ ಅಧಿಕಾರ ದೊರೆಯಿತು. ಕಾನೂನು ಸಚಿವರಾಗಿ ಅಂಬೇಡ್ಕರ್ ಅವರು ಸಂಸತ್ತಿನಲ್ಲಿ ಅದನ್ನು ಸಮರ್ಥಿಸಿದರು. ಅದೇ ಸೆಪ್ಟೆಂಬರಿನಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆಯಿತ್ತರು.

1952ರಲ್ಲಿ ಕೊಲಂಬಿಯಾ, 1953ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯಗಳು ಅವರಿಗೆ ಗೌರವ ಡಾಕ್ಟರೇಟ್ ನೀಡಿದವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧ ಧರ್ಮವನ್ನು ಸ್ವೀಕರಿಸಿದ ಅವರು ಅದೇ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ನಿಧನರಾದರು. ದಾದರಿನ ಕಡಲತೀರದಲ್ಲಿ ಅಂತ್ಯಕ್ರಿಯೆ ನಡೆಯಿತು. ಅದುವೇ ಇಂದಿನ ಚೈತ್ಯಭೂಮಿ. ಪ್ರತಿ ವರ್ಷ ಆ ದಿನ ಅಲ್ಲಿಗೆ ಬರುವ ಜನಸಾಗರದ ನಡುವೆ ಪುಸ್ತಕದ ಅಂಗಡಿಗಳು ಸಾಲುಸಾಲಾಗಿ ನಿಲ್ಲುತ್ತವೆ. ಹೂವಿನ ಹಾರಕ್ಕಿಂತ ಪುಸ್ತಕ ಕೊಳ್ಳಲು ಮುಗಿಬೀಳುವ ಜನರನ್ನು ಕಂಡಾಗ ಆ ಮಹಾನುಭಾವರ ನಿಜವಾದ ಸ್ಮಾರಕ ಯಾವುದೆಂದು ಅರಿವಾಗುತ್ತದೆ. 1990ರಲ್ಲಿ ದೇಶ ಅವರಿಗೆ ಮರಣೋತ್ತರವಾಗಿ ಭಾರತರತ್ನ ನೀಡಿ ಗೌರವಿಸಿತು.

ಅಂದಿನಿಂದ ನಿಯಮಗಳು ಬೆಳೆದಿವೆ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯವನ್ನು ತಡೆಯಲು ವಿಶ್ವವಿದ್ಯಾನಿಲಯ ಅನುದಾನ ಆಯೋಗ 2012ರಲ್ಲಿ ನಿಯಮಾವಳಿ ಹೊರಡಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು ಸ್ಥಾನ ಮೀಸಲಿರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಲ್ಲರನ್ನೂ ಒಳಗೊಳ್ಳುವ ಮಾತನ್ನಾಡಿತು. ಆದರೆ ಅಂಬೇಡ್ಕರ್ ಅವರ ಬದುಕು ಕಲಿಸುವ ಪ್ರಶ್ನೆಗಳು ಸರಳವಾಗಿವೆ. ಸೀಟು ದೊರೆತ ವಿದ್ಯಾರ್ಥಿಗೆ ಇರಲು ಕೋಣೆ ಸಿಕ್ಕಿತೇ? ವಿದ್ಯಾರ್ಥಿವೇತನ ಶುಲ್ಕ ತುಂಬುವ ದಿನಕ್ಕೆ ಮೊದಲು ಬಂದಿತೇ? ಗಾಲಿಕುರ್ಚಿಯಲ್ಲಿ ಬಂದವಳು ಗ್ರಂಥಾಲಯದ ಮಹಡಿ ಏರಬಲ್ಲಳೇ? ಊಟದ ಮೇಜಿನಲ್ಲಿ ಅವನ ಪಕ್ಕಕ್ಕೆ ಯಾರು ಕುಳಿತರು? ದೂರು ಕೇಳುವ ಸಮಿತಿಯಲ್ಲಿ ಅವನ ನೋವು ಬಲ್ಲವರಿದ್ದಾರೆಯೇ? ಇವುಗಳಿಗೆ ಉತ್ತರ ದೊರೆತಾಗಲೇ ನೀತಿ ಆಚರಣೆಗೆ ಬಂದಿತೆನ್ನಬಹುದು.

ಬೇಲಾಪುರ, ನೆರೂಲ್, ಖಾರ್ಘರ್ ಪರಿಸರ ಇಂದು ಕಾಲೇಜುಗಳ ಬೀಡಾಗಿದೆ. ನಮ್ಮ ಮಕ್ಕಳು ಅಲ್ಲಿ ಕಲಿಯುತ್ತಿದ್ದಾರೆ, ನಮ್ಮಲ್ಲಿ ಕೆಲವರು ಅಲ್ಲಿ ಕಲಿಸುತ್ತಿದ್ದಾರೆ. ಮನೆಯಲ್ಲಿ ಮೀಸಲಾತಿಯ ಮಾತು ಬಂದಾಗ ನಮ್ಮ ಧ್ವನಿ ಏರುವುದುಂಟು. ಅಂಕಗಳ ಲೆಕ್ಕ ಮುಂದೆ ಬರುವುದುಂಟು. ತಮ್ಮ ಮಗುವಿಗೆ ಸೀಟು ಕೈತಪ್ಪಿದ ತಂದೆ ತಾಯಿಯರ ಸಂಕಟವೂ ಸುಳ್ಳಲ್ಲ. ಆ ಹೊತ್ತಿನಲ್ಲಿ, ನಮ್ಮ ಮನೆಯ ಮೊದಲ ಪದವೀಧರ ಯಾವ ಏಣಿಯನ್ನೇರಿ ಮೇಲೆ ಬಂದರೆಂಬುದನ್ನೂ ನೆನೆಯುವುದು ನ್ಯಾಯ.

ನಮ್ಮ ಸಂಘ ಸಂಸ್ಥೆಗಳು ವರ್ಷಂಪ್ರತಿ ಪ್ರತಿಭಾ ಪುರಸ್ಕಾರ ನೀಡುತ್ತಿವೆ. ತೊಂಬತ್ತಕ್ಕೂ ಹೆಚ್ಚು ಅಂಕ ಪಡೆದವರಿಗೆ ಶಾಲು, ಫಲಕ ಸಿಗುತ್ತವೆ. ಅದು ಇರಲಿ. ಅದರ ಜತೆಗೆ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಾಣುತ್ತಿರುವ ಓರ್ವ ವಿದ್ಯಾರ್ಥಿಗೆ, ಅವನು ಯಾವ ಜಾತಿಯವನೇ ಆಗಲಿ, ಯಾವ ಭಾಷೆಯವನೇ ಆಗಲಿ, ವರ್ಷದ ಪ್ರಯಾಣದ ಪಾಸು, ಪುಸ್ತಕ, ಓದಲು ಶಾಂತವಾದ ಒಂದು ಕೋಣೆ ಒದಗಿಸಲು ನಮ್ಮ ಸಂಘಗಳಿಗೆ ಕಷ್ಟವಾಗಲಾರದು. ರಮಾಬಾಯಿಯವರು ಬಳೆ ಬಿಚ್ಚಿಕೊಟ್ಟ ಧಾರವಾಡ ನಮ್ಮದು. ಮುಂಜಾನೆಯ ತರಗತಿಗೆ ಓಡಿಹೋದ ಹಿರಿಯರೂ ನಮ್ಮವರು. ಅವರೆಲ್ಲರ ನೆನಪಿನಲ್ಲಿ, ಬಾಬಾಸಾಹೇಬರಿಗೆ ನಮ್ಮ ಗೌರವದ ನಮನಗಳು.